ಪ್ರಿಫೆಕ್ಟ್ ಸಾಹೇಬ್ರೇ, ಆ ಸರ್ಕ್ಯುಲರ್ ಇರೋದು ಯಾರಿಗೆ?

ಮಾನ್ಯ ಪ್ರಿಫೆಕ್ಟ್ (ನಮ್ಮ ಕಡೆ ಜಿಲ್ಲಾಧಿಕಾರಿ ಇದ್ದ ಹಾಗೆ) ಸಾಹೇಬ್ರಿಗೆ ನಮಸ್ಕಾರ.

ಇದನ್ನೇ ಫ್ರೆಂಚಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದಾಯ್ತು, ಉತ್ತರ ಇಲ್ಲ, ಅದಕ್ಕೆ ನಮ್ಮ ಜನಾನೂ ಓದ್ಲಿ ಅಂತ ಕನ್ನಡದಲ್ಲೇ ಹಾಕ್ತಿದೀನಿ.

ನಾನು ಪ್ಯಾರಿಸ್ ಪಕ್ಕದ ಒಂದು ಇಂಡಿಯನ್ ರೆಸ್ಟೋರೆಂಟಲ್ಲಿ ಅಡುಗೆಯವನು. ಸಂಬಳದಲ್ಲಿ ಹಿಡಿಯೋದೆಲ್ಲ ಹಿಡೀತಾರೆ, ಇರೋಕೆ ಮಾತ್ರ ಪೇಪರ್ ಇಲ್ಲ. ಪೇಪರ್ ಇಲ್ಲದವರಿಗೆ ಯಾವಾಗ ಪೇಪರ್ ಕೊಡಬಹುದು ಅಂತ ಆಗಿನ ಗೃಹಮಂತ್ರಿ ವಾಲ್ಸ್ ಹೊರಡಿಸಿದ 2012ರ ನವೆಂಬರ್ 28ರ ಸರ್ಕ್ಯುಲರ್ ನಿಮಗೆ ಬಾಯಿಪಾಠ ಇರುತ್ತೆ: 5 ವರ್ಷ ಇಲ್ಲಿದ್ದಿರ್ಬೇಕು, ಕಳೆದ 24 ತಿಂಗಳಲ್ಲಿ 8 ತಿಂಗಳಾದ್ರೂ ಕೆಲಸ ಮಾಡಿರ್ಬೇಕು. ಅದು ಜಾರಿಯಲ್ಲಿದ್ದಾಗ, ಅದನ್ನ ನಂಬ್ಕೊಂಡೇ ಅರ್ಜಿ ಹಾಕಿದ್ದು.

ನಿಮ್ಮ ಆಫೀಸ್ ಕೌಂಟರಲ್ಲಿ ಏನಾಯ್ತು ಕೇಳಿ. ನಮ್ಮ ಮನೇಲಿ ಸರ್‌ನೇಮ್ ಅಂತಿಲ್ಲ, ಊರ ಹೆಸರು, ಅಪ್ಪನ ಹೆಸರು, ಆಮೇಲೆ ನಂದು, ಇದನ್ನ ಮಾಲೀಕ ಎರಡು ಪೇ ಸ್ಲಿಪ್ಪಲ್ಲಿ ಹಿಂದುಮುಂದು ಮಾಡಿಸಿದ್ದ. ಆ ಮೇಡಂ ಪೆನ್ಸಿಲ್ ತುದೀಲಿ ಎರಡನ್ನೂ ಪಕ್ಕಕ್ಕೆ ತಳ್ಳಿ "ಇವು ಬೇರೆಯವರದ್ದು" ಅಂದ್ರು. ವಿಳಾಸ ಅದೇ, ಬ್ಯಾಂಕ್ ಅಕೌಂಟ್ ಅದೇ, ತೋರ್ಸಿದ್ರೆ ತಲೇನೂ ಎತ್ತಲಿಲ್ಲ. "ಸರ್ಕ್ಯುಲರಲ್ಲಿ ಎಂಟು ಅಂತಿದೆ, ನಿಮ್ಮ ಹತ್ರ ಆರೇ ಇದೆ."

ಸರಿ, ರೂಲು ಅಂದ್ರೆ ರೂಲು. ಆದ್ರೆ ಆಮೇಲೆ ಬಂದ ರಿಜೆಕ್ಷನ್ ಲೆಟರಲ್ಲಿ ಏನಂತೀರಿ? ಸರ್ಕ್ಯುಲರ್ ಬರೀ ಅಧಿಕಾರಿಗಳಿಗೆ ಕೊಟ್ಟ ಸೂಚನೆ, ಅದನ್ನ ಹಿಡ್ಕೊಂಡು ನಾನು ಏನೂ ಕೇಳೋ ಹಾಗಿಲ್ಲ ಅಂತ! ವಕೀಲ್ರನ್ನ ಕೇಳಿದ್ರೆ ನಿಜಾನೇ ಅಂತೆ, 2015ರ ಫೆಬ್ರವರಿಲಿ ಕೊನ್ಸೆಯ್ ದೆತಾ, ಅಂದ್ರೆ ಸರ್ಕಾರದ ಆಡಳಿತದ ಕೇಸುಗಳಿಗೆ ಇಲ್ಲಿನ ಅತಿ ದೊಡ್ಡ ಕೋರ್ಟು, ಹಾಗೇ ತೀರ್ಪು ಕೊಟ್ಟಿದೆ, 2022ರಲ್ಲೂ ಅದೇ ಮಾತು, ಪೇಪರ್ ಕೊಡೋದು ನಿಮ್ಮ ಕೃಪೆ, ನಮ್ಮ ಹಕ್ಕಲ್ಲ. ಅಂದ್ರೆ ನನ್ನನ್ನ ವಾಪಸ್ ಕಳ್ಸೋಕೆ ಎಂಟು ಅನ್ನೋದು ಕಟ್ಟುನಿಟ್ಟು, ನಾನು ಕೇಳೋಕೆ ಹೋದ್ರೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ವಿದೇಶದಲ್ಲಿರೋ ಫ್ರೆಂಚ್ ಮಕ್ಕಳ ಸ್ಕಾಲರ್‌ಶಿಪ್ ವಿಷಯಕ್ಕೆ ಗೈಡ್‌ಲೈನನ್ನ ಕೋರ್ಟಲ್ಲಿ ಎತ್ತಬಹುದು ಅಂತ 2014ರಲ್ಲಿ ಹೇಳಿದ್ದು ಇದೇ ಕೋರ್ಟು. ಇರ್ಲಿ, ಅವರವರ ಹಣೆಬರಹ.

ಆದ್ರೆ ಕೃಪೆ ಮಾಡೋಕಾದ್ರೂ ಫೈಲ್ ನೋಡ್ಬೇಕಲ್ವಾ ಸಾರ್? ಇದೇ ಕೋರ್ಟಿನ 1970ರ ಕ್ರೆದಿ ಫೋನ್ಸಿಯೆ ಅನ್ನೋ ಕೇಸಿನ ತೀರ್ಪಿಂದ ನಡ್ಕೊಂಡು ಬಂದಿರೋದೇ ಅದು, ಗೈಡ್‌ಲೈನ್ ಇಟ್ಕೊಂಡ್ರೂ ಒಬ್ಬೊಬ್ಬರದ್ದೂ ಬಿಡಿಬಿಡಿಯಾಗಿ ನೋಡ್ಲೇಬೇಕು. ನಿಮಗೆ ನಾನು ಹೇಳ್ಕೊಡೋದಾ?

ಈಗ 2025ರ ಜನವರಿ 23ರಿಂದ ಹೊಸ ಸರ್ಕ್ಯುಲರ್ರು, 5ರ ಬದಲು 7 ವರ್ಷ ಇಲ್ಲಿದ್ದಿರ್ಬೇಕು ಅನ್ನೋ ಮಾತು. ನಾವು ಒಂದು ಮೆಟ್ಟಿಲು ಹತ್ತೋಷ್ಟ್ರಲ್ಲಿ ನೀವು ಎರಡು ಕಟ್ಟಿರ್ತೀರ.

ನನ್ನ ಫೈಲ್ ನೋಡಿ. ಪಕ್ಕಕ್ಕೆ ತಳ್ಳಿದ ಆ ಎರಡು ಸ್ಲಿಪ್ ಸೇರಿಸಿ ನೋಡಿ. ಕೊಡಲ್ಲ ಅಂದ್ರೆ ಯಾಕೆ ಅಂತ ನನ್ನ ವಿಷಯ ಬರೆದು ಕಳ್ಸಿ, ಎಲ್ಲರಿಗೂ ಕಳ್ಸೋ ಅದೇ ಪ್ಯಾರಾ ಬೇಡ.

ಇಂತಿ,
ನಿಮ್ಮ ಜಿಲ್ಲೆಯಲ್ಲೇ ಇರುವ ಒಬ್ಬ ಅಡುಗೆಯವನು