ಟೈರ್ ದೊಡ್ಡದಾದರೆ ಗೇರ್ ಅನುಪಾತವೂ ಬದಲಾಗಲಿ

ಮಾನ್ಯ ಸಂಪಾದಕರೇ,

ಗುಡ್ಡ ಹತ್ತುವ ಜೀಪಿಗೆ ದೊಡ್ಡ ಟೈರ್ ಹಾಕಿಸಿ, ಆಕ್ಸಲ್ (ಚಕ್ರಗಳನ್ನು ತಿರುಗಿಸುವ ಅಚ್ಚು) ಗೇರನ್ನು ಹಾಗೇ ಬಿಡುವುದು ತಪ್ಪು. ಏರಿನಲ್ಲಿ ಎಂಜಿನ್ ಏದುತ್ತದೆ, ಕ್ಲಚ್ ಸುಡುತ್ತದೆ. ಲೆಕ್ಕ ಸುಲಭ: ಹಳೆಯ ಗೇರ್ ಅನುಪಾತವನ್ನು (ಚಕ್ರ ಒಂದು ಸುತ್ತು ತಿರುಗಲು ಆಕ್ಸಲ್‌ಗೆ ಶಕ್ತಿ ತರುವ ಶಾಫ್ಟ್ ಎಷ್ಟು ಸುತ್ತಬೇಕೆಂಬ ಸಂಖ್ಯೆ) ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ವ್ಯಾಸದಿಂದ ಭಾಗಿಸಿ. 29 ಇಂಚಿನಿಂದ 35ಕ್ಕೆ ಹೋದರೆ 3.73 ಇದ್ದದ್ದು 4.50 ಆಗಬೇಕು, ಅದಕ್ಕೆ ಹತ್ತಿರದ ಗೇರ್ ಸೆಟ್ 4.56. ಬಂಡೆ ಹತ್ತುವುದೇ ಹೆಚ್ಚಾದರೆ 4.88 ಆಗಬಹುದು. ಆದರೆ ಅನುಪಾತ ಏರಿದಷ್ಟೂ ಪಿನಿಯನ್ (ಆಕ್ಸಲ್‌ನ ದೊಡ್ಡ ಗೇರನ್ನು ತಿರುಗಿಸುವ ಪುಟ್ಟ ಗೇರ್) ಚಿಕ್ಕದಾಗುತ್ತದೆ, ಹಲ್ಲು ಮುರಿಯುವ ಅಪಾಯವೂ ಹೆಚ್ಚು.

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹಿಂದಿನ ಆಕ್ಸಲ್ ಮಾತ್ರ ಬದಲಿಸಿ ಹಣ ಉಳಿಸಲು ಹೋಗಬೇಡಿ, ದಯವಿಟ್ಟು! ಮುಂದಿನದರ ಅನುಪಾತ ಹೊಂದದಿದ್ದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಾಗ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಂಡು ಒಡೆಯಬಹುದು. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳೆಯದೆ, ಹಲ್ಲಿಗೆ ಬಣ್ಣ ಹಚ್ಚಿ ಹಲ್ಲುಗಳು ಎಲ್ಲಿ ತಾಗುತ್ತವೆಂಬ ಒತ್ತುಗುರುತು ನೋಡದೆ ಜೋಡಿಸುವವರಿಗೆ ಈ ಕೆಲಸ ಕೊಡಲೇಬೇಡಿ. ಸ್ಪೀಡೋಮೀಟರನ್ನೂ ಸರಿಪಡಿಸಿಕೊಳ್ಳಿ.

– ಓದುಗ