ಜೇನು ಸಂಗ್ರಹಾಲಯ: ಕಟ್ಟಡದ ನಕ್ಷೆಗೂ ಮೊದಲು ಗೂಡಿನ ಜಾಗ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಜೇನುಹುಳು ಮತ್ತು ಜೇನು ಸಾಕಣೆಗೆಂದೇ ಒಂದು ವಸ್ತುಸಂಗ್ರಹಾಲಯ ಬೇಕೆಂಬ ಮಾತು ಎದ್ದಾಗ ಕೆಲಸ ಶುರುವಾಗುವುದು ಸಾಮಾನ್ಯವಾಗಿ ಹಳೆಯ ಪೆಟ್ಟಿಗೆಗಳನ್ನು ಕೂಡಿಹಾಕುವುದರಿಂದ. ಕಟ್ಟಡ ಎದ್ದು, ಕಪಾಟುಗಳು ತುಂಬಿದ ಮೇಲೆ ‘ಜೀವಂತ ಜೇನೂ ಒಂದಿರಲಿ’ ಎಂದು ಮೂಲೆಯಲ್ಲಿ ಗಾಜಿನ ಗೂಡು ತಂದಿಟ್ಟರೆ ಅದು ಬೇಗನೆ ಖಾಲಿಯಾಗುತ್ತದೆ. ಈ ಕ್ರಮ ತಿರುಗಬೇಕು ಎಂಬುದು ನಮ್ಮ ವಿನಂತಿ. ಗೂಡು ಎಲ್ಲಿರಬೇಕು ಎಂಬುದು ಮೊದಲು ತೀರ್ಮಾನವಾಗಲಿ. ಗೋಡೆ, ಕಿಟಕಿ, ದೀಪ ಎಲ್ಲವೂ ಅದಕ್ಕೆ ಹೊಂದಿಕೊಳ್ಳಲಿ.

ಹುಳುಗಳು ಹೊರಗೆ ಹೋಗಿಬರಲು ಗೋಡೆಯಲ್ಲಿ ಕೊಳವೆ ಬೇಕು. ಒಳವ್ಯಾಸ 30ರಿಂದ 40 ಮಿ.ಮೀ. ಇದ್ದರೆ ಸಾಕು, ಆದರೆ ಆದಷ್ಟು ಗಿಡ್ಡವಾಗಿರಬೇಕು. ಉದ್ದ ಹೆಚ್ಚಿದಷ್ಟೂ ಸತ್ತ ಹುಳುಗಳನ್ನು ಎಳೆದು ಹೊರಹಾಕುವುದು ಕೆಲಸಗಾರ ಹುಳುಗಳಿಗೆ ಕಷ್ಟ. ಹೆಣಗಳು ಸೇರಿ ಬಾಯಿ ಕಟ್ಟಿದರೆ ಇಡೀ ಕುಟುಂಬ ಒಳಗೇ ಬೆಂದುಹೋಗುತ್ತದೆ. ಮಳೆನೀರು ಒಳಬರದಂತೆ ಕೊಳವೆ ಹೊರಕ್ಕೆ ತುಸು ಇಳಿಜಾರಾಗಿರಲಿ. ಹೊರಬಾಯಿ ನೆಲದಿಂದ ಎರಡೂವರೆ ಮೀಟರ್‌ನಷ್ಟು ಎತ್ತರದಲ್ಲಿದ್ದರೆ ಹುಳುಗಳ ಹಾರಾಟದ ದಾರಿ ಜನರ ತಲೆಯ ಮೇಲಿನಿಂದ ಸಾಗುತ್ತದೆ. ಬಾಗಿಲಿನ ಪಕ್ಕದಲ್ಲಿ, ಸರತಿ ನಿಲ್ಲುವ ಜಾಗದಲ್ಲಿ ಅದು ಬರಲೇಬಾರದು. ಕೊಳವೆಗೆ ಎರಡು ತಡೆಬಾಗಿಲು ಇರಬೇಕು: ಒಂದು ಗೂಡಿನ ಕಡೆ, ಇನ್ನೊಂದು ಗೋಡೆಯ ಕಡೆ. ಎರಡನ್ನೂ ಮುಚ್ಚಿ, ನಡುವೆ ಬಿಚ್ಚಿದರೆ ಗೂಡನ್ನು ಹೊರಗೆ ಒಯ್ದು ತೆರೆಯಬಹುದು. ಗೂಡಿನ ಕಡೆ ಮಾತ್ರ ಬಾಗಿಲಿದ್ದರೆ, ಮೇವಿಗೆ ಹೋಗಿ ಮರಳುವ ಹುಳುಗಳು ನೇರ ಸಭಾಂಗಣಕ್ಕೆ ಬಂದಿಳಿಯುತ್ತವೆ.

ಗಾಜಿನ ಗೂಡೆಂದರೆ ಎರಡು ಗಾಜುಗಳ ನಡುವೆ ನಿಂತ ಒಂದೇ ಎರಿ, ಅಂದರೆ ಹುಳುಗಳು ಮೇಣದಲ್ಲಿ ಕಟ್ಟುವ ಕೋಣೆಗಳ ಹಲಗೆ. ಆ ಗಾಜುಗಳ ನಡುವಿನ ಅಂತರದಲ್ಲಿ ಬಡಗಿಗಳು ತಪ್ಪುವುದೇ ಹೆಚ್ಚು. ಅಮೆರಿಕದ ಜೇನು ಸಾಕಣೆದಾರ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡ ‘ಜೇನಿನ ಅಂತರ’, ಅಂದರೆ ಹುಳುಗಳು ಓಡಾಟಕ್ಕೆಂದು ಖಾಲಿ ಬಿಡುವ ಜಾಗ, ಸುಮಾರು 6ರಿಂದ 9 ಮಿ.ಮೀ. ಅದಕ್ಕಿಂತ ಹೆಚ್ಚು ಜಾಗ ಬಿಟ್ಟರೆ ಹುಳುಗಳು ಅಲ್ಲಿ ಅಡ್ಡ ಎರಿ ಕಟ್ಟಿ ಗಾಜಿಗೇ ಅಂಟಿಸುತ್ತವೆ. ಕಡಿಮೆಯಾದರೆ ಓಡಾಟವೇ ನಿಲ್ಲುತ್ತದೆ. ಮರಿಗಳಿರುವ ಎರಿಯ ದಪ್ಪ ಸುಮಾರು 25 ಮಿ.ಮೀ. ಎರಡೂ ಬದಿಗೆ ಎಂಟೊಂಬತ್ತು ಮಿ.ಮೀ. ಸೇರಿಸಿದರೆ ಯುರೋಪಿನ ಜೇನುಹುಳು ಮೆಲ್ಲಿಫೆರಾಗೆ ಗಾಜಿನಿಂದ ಗಾಜಿಗೆ 41ರಿಂದ 43 ಮಿ.ಮೀ. ಆಗುತ್ತದೆ. ನಮ್ಮ ನಾಡಿನ ತುಡುವೆ ಹುಳು ಚಿಕ್ಕದು, ಅದಕ್ಕೆ ತುಸು ಕಡಿಮೆ ಇರಲಿ. ಗಾಜು ಹದಗೊಳಿಸಿದ್ದೇ ಆಗಬೇಕು. ಮಕ್ಕಳು ಅದನ್ನು ತಟ್ಟದೆ ಬಿಡುವುದಿಲ್ಲ, ಹಾಗಾಗಿ ಕೈಗೆಟುಕದಷ್ಟು ದೂರಕ್ಕೆ ಒಂದು ಕಟಕಟೆಯೂ ಬೇಕು.

ಗಾಜಿನ ಗೂಡಿನ ದೊಡ್ಡ ಕೊರತೆ ಶಾಖ. ಮರಿಗಳಿಗೆ 34–35 ಡಿಗ್ರಿ ಸೆಲ್ಸಿಯಸ್ ಬೇಕು. ಪೆಟ್ಟಿಗೆಯಲ್ಲಾದರೆ ಒಂದರ ಪಕ್ಕ ಒಂದು ಎರಿ ಇದ್ದು ಬಿಸಿ ಉಳಿಯುತ್ತದೆ. ಒಂಟಿ ಎರಿಗೆ ಎರಡೂ ಬದಿ ಬರೀ ಗಾಜು. ವೀಕ್ಷಣೆಯ ಹೊತ್ತು ಬಿಟ್ಟರೆ ಉಳಿದಂತೆ ದಪ್ಪ ಮುಚ್ಚಳ ಹಾಕಿಡಬೇಕು. ಬಿಸಿಲಾಗಲಿ ದೀಪದ ಕಾವಾಗಲಿ ನೇರ ಬೀಳಕೂಡದು. ಮೇಣ ಕರಗುವುದು 62–64 ಡಿಗ್ರಿಯಲ್ಲಾದರೂ ಜೇನುತುಪ್ಪ ತುಂಬಿದ ಎರಿ ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಕುಸಿಯುತ್ತದೆ. ಕೆಂಪು ಬೆಳಕು ಹುಳುಗಳಿಗೆ ಕಾಣುವುದಿಲ್ಲ. ಅದನ್ನೇ ಬಳಸಿದರೆ ಅವು ಕಲಕದೆ ತಮ್ಮ ಕೆಲಸ ಮಾಡಿಕೊಂಡಿರುತ್ತವೆ.

ಇಷ್ಟೆಲ್ಲ ಮಾಡಿದರೂ ಅಂಥ ಪುಟ್ಟ ಗೂಡು ವರ್ಷಪೂರ್ತಿ ತಾನಾಗಿ ಬಾಳದು. ಸುಗ್ಗಿಯಲ್ಲಿ ರಾಣಿಗೆ ಮೊಟ್ಟೆಯಿಡಲು ಜಾಗ ಮುಗಿದು ಕುಟುಂಬ ಪಾಲಾಗಲು ಹೊರಡುತ್ತದೆ, ಅಭಾವದ ಕಾಲದಲ್ಲಿ ಸೊರಗುತ್ತದೆ. ಆವರಣದಲ್ಲಿ ಎರಡು ಮೂರು ಪೂರ್ಣ ಕುಟುಂಬಗಳಿದ್ದರೆ ತುಂಬಿದ ಎರಿಯನ್ನು ಅದರ ಮರದ ಚೌಕಟ್ಟಿನ ಸಮೇತ ಅಲ್ಲಿಗೆ ಕೊಟ್ಟು ಖಾಲಿ ಎರಿ ತರಬಹುದು, ಸೊರಗಿದಾಗ ಮುಚ್ಚಿದ ಮರಿಗಳ ಚೌಕಟ್ಟು ಕೊಡಬಹುದು. ಪ್ರದರ್ಶನದ ಚೌಕಟ್ಟಿನ ಅಳತೆ ಆ ಪೆಟ್ಟಿಗೆಗಳದ್ದೇ ಆಗಿರಬೇಕು ಎಂಬುದನ್ನು ಮರೆತರೆ ಈ ವಿನಿಮಯವೇ ಆಗದು.

ನೋಡಲು ಬಂದವರಿಗೆ ಏನು ಕಾಣಬೇಕು? ರಾಣಿಯ ಬೆನ್ನಿಗೆ ಬಣ್ಣದ ಚುಕ್ಕೆ ಇಡಿ. ಅಂತರರಾಷ್ಟ್ರೀಯ ಕ್ರಮದಂತೆ ರಾಣಿ ಹುಟ್ಟಿದ ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2–7 ಹಳದಿ, 3–8 ಕೆಂಪು, 4–9 ಹಸಿರು, 5–0 ನೀಲಿ. ಗಾಜಿನ ಮೇಲೆ ಒಂದು ತೂಗುಗುಂಡು ಇಳಿಬಿಡಿ. ಹೂವಿನ ಸುದ್ದಿ ತಂದ ಹುಳು ಎರಿಯ ಮೇಲೆ ನರ್ತಿಸುತ್ತ ನೇರ ಓಡುವ ಗೆರೆ ಆ ದಾರದೊಂದಿಗೆ ಮಾಡುವ ಕೋನವೇ ಸೂರ್ಯನ ದಿಕ್ಕಿಗೂ ಹೂವಿನ ದಿಕ್ಕಿಗೂ ಇರುವ ಕೋನ. ಮೆಲ್ಲಿಫೆರಾದಲ್ಲಿ ಒಂದು ಸೆಕೆಂಡಿನ ಓಟವೆಂದರೆ ಸುಮಾರು ಒಂದು ಕಿಲೋಮೀಟರ್ ದೂರ. ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಬಿಡಿಸಿದ ಈ ಭಾಷೆಯನ್ನು ಒಂದು ದಾರ, ಒಂದು ಗಡಿಯಾರ ಇಟ್ಟುಕೊಂಡು ಶಾಲೆಯ ಮಗುವೂ ಓದಬಲ್ಲದು. ಯಾವ ಪರದೆಯ ಚಿತ್ರವೂ ಇದಕ್ಕೆ ಸಮವಲ್ಲ.

ಇನ್ನು ಹಳೆಯ ವಸ್ತುಗಳು. ದಾನವಾಗಿ ಬಂದ ಪೆಟ್ಟಿಗೆ, ಎರಿಗಳನ್ನು ಜೀವಂತ ಗೂಡಿನ ಹತ್ತಿರ ತರಲೇಬಾರದು. ಜೇನುಮರಿಗಳನ್ನು ಕೊಲ್ಲುವ ಅಮೆರಿಕನ್ ಫೌಲ್‌ಬ್ರೂಡ್ ರೋಗದ ಬೀಜಾಣುಗಳು ದಶಕಗಟ್ಟಲೆ ಸಾಯುವುದಿಲ್ಲ. ಸಾಕಣೆದಾರರು ಪೆಟ್ಟಿಗೆಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಶುದ್ಧ ಮಾಡುತ್ತಾರೆ. ಸಂಗ್ರಹಾಲಯದಲ್ಲಿ ಹಾಗೆ ಮಾಡಿದರೆ ವಸ್ತುವೇ ಹಾಳು. ಆದ್ದರಿಂದ ಹುಳು ನುಸುಳದ ಕಪಾಟು, ಬೇರೆ ಕೋಣೆ. ಎರಿಯನ್ನು ತಿನ್ನುವ ಹುಳುವಿನ ಮೇಣದ ಪತಂಗ ಇನ್ನೊಂದು ಶತ್ರು. ಎರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರವಿಟ್ಟರೆ ಪತಂಗದ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಮೇಲೆಲ್ಲ ನೀರು ಕಟ್ಟುತ್ತದೆ. ತಣ್ಣಗಿನ ಮೇಣ ಮುಟ್ಟಿದರೆ ಪುಡಿಯಾಗುವುದರಿಂದ ಅವಸರವೂ ಬೇಡ. ಮೇಣದ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟೆಂದು ಉಜ್ಜಬಾರದು. ಅದು ಮೇಣದೊಳಗಿನದೇ ಅಂಶ, ತುಸು ಬೆಚ್ಚಗಾದರೆ ಮಾಯವಾಗುತ್ತದೆ.

ಇತಿಹಾಸದ ಭಾಗಕ್ಕೆ ನೂರಾರು ವಸ್ತು ಬೇಕಿಲ್ಲ. ಸ್ಲೊವೇನಿಯಾದ ರಾಡೊವ್ಲಿಟ್ಸಾದಲ್ಲಿ 1959ರಿಂದಿರುವ ಸಂಗ್ರಹಾಲಯ ಚಿತ್ರ ಬರೆದ ಪೆಟ್ಟಿಗೆಯ ಮುಂಬಲಗೆಗಳಿಂದಲೇ ಹೆಸರಾಗಿದೆ. ಅಂಧನಾಗಿದ್ದ ಜೇನು ಸಂಶೋಧಕ ಫ್ರಾಂಸ್ವಾ ಹ್ಯೂಬರ್ ಬಳಸಿದ, ಪುಸ್ತಕದ ಹಾಳೆಯಂತೆ ತೆರೆಯುವ ಗೂಡಿನ ಪ್ರತಿಕೃತಿಯನ್ನು ಮರದಲ್ಲಿ ಮಾಡಿಸಿ ಜನರ ಕೈಗೇ ಕೊಡಿ. ಅದರ ಪಕ್ಕದಲ್ಲಿ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ, ಹುಳುಗಳು ಎರಿ ಕಟ್ಟಲು ಬುನಾದಿಯಾಗುವ ಮೇಣದ ಹಾಳೆಗೆ 1857ರಲ್ಲಿ ಮೇಹ್ರಿಂಗ್ ಮಾಡಿದ ಅಚ್ಚು, 1865ರಲ್ಲಿ ಹ್ರುಷ್ಕಾ ತೋರಿಸಿದ ತುಪ್ಪ ತೆಗೆಯುವ ಯಂತ್ರ. ಎರಿ ಹಿಂಡದೆ ತುಪ್ಪ ತೆಗೆಯುವ ಸಾಕಣೆ ಹೇಗೆ ಬಂತು ಎಂಬುದು ಈ ಮೂರರಲ್ಲೇ ತಿಳಿಯುತ್ತದೆ.

ಹಣ ಹೊಂದಿಸುವವರು ಒಂದು ಖರ್ಚನ್ನು ಮೊದಲೇ ಬರೆದುಕೊಳ್ಳಬೇಕು: ಕಾಯಂ ಸಂಬಳದ ಒಬ್ಬ ಸಾಕಣೆದಾರ ಮತ್ತು ರಜೆಯಲ್ಲಿ ಆತನ ಬದಲಿಗೆ ಇನ್ನೊಬ್ಬ. ವಾರಕ್ಕೊಮ್ಮೆ ಗೂಡು ತೆರೆಯುವುದು, ಸಕ್ಕರೆ ಪಾಕ ಕೊಡುವುದು, ಕೊಳವೆ ತೊಳೆಯುವುದು ಕಾವಲುಗಾರರಿಂದ ಆಗುವ ಕೆಲಸವಲ್ಲ. ಕುಟುಕಿನಿಂದ ತೀವ್ರ ಅಲರ್ಜಿಯಾದವರಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡಬಲ್ಲ ತರಬೇತಾದ ಸಿಬ್ಬಂದಿಯೂ ತೆರೆದಿರುವ ಅಷ್ಟೂ ಹೊತ್ತು ಅಲ್ಲಿರಬೇಕು.

— ಕೆಲವು ಜೇನು ಸಾಕಣೆದಾರರು