ಕಾತಂದ ಅನ್ನೋ ಊರಿನಿಂದ ಒಂದು ಪತ್ರ

ತುಮಕೂರು
ಭಾನುವಾರ ರಾತ್ರಿ

ಲೋ ಮಗಾ,

ಮೊನ್ನೆ ಫೋನಿನಲ್ಲಿ ವೆಬ್‌ಸೈಟ್ ಮಾಡ್ತಿದ್ದೀನಿ ಅಂದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗೆ, ಎಷ್ಟು ಕೊಡ್ತಾರೆ?" ಯಾರಿಗೂ ಅಲ್ಲ, ಸುಮ್ನೆ ನನಗೇ ಅಂದಿದ್ದಕ್ಕೆ ಐದು ನಿಮಿಷ ನಕ್ಕಿದ್ದೀಯ. ಅದಕ್ಕೇ ಈ ಪತ್ರ.

ನಮ್ಮ ಪ್ಯಾಸೆಂಜರ್ ರೈಲು ನೆನಪಿದೆಯಲ್ಲ? ಬೆಳಗ್ಗೆ ತುಮಕೂರಿನಿಂದ ಯಶವಂತಪುರ, ರಾತ್ರಿ ತೂಕಡಿಸುತ್ತಾ ವಾಪಸ್. ಆ ದಾರಿಯ ಒಂದೊಂದು ಸ್ಟೇಷನ್‌ಗೂ ನೆನಪಿನ ಒಂದೆರಡು ಸಾಲು ಬರೆದು ಒಂದೇ ಪುಟ ಮಾಡುತ್ತಿದ್ದೇನೆ. ಲಾಗಿನ್ ಇಲ್ಲ, ಡೇಟಾಬೇಸ್ ಇಲ್ಲ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಗಬೇಕಾದರೆ ಮೂರು ಮೀಟಿಂಗ್ ಆಗುತ್ತವೆ. ಇಲ್ಲಿ ಶನಿವಾರ ಹಿನ್ನೆಲೆಗೆ ತಟ್ಟೆ ಇಡ್ಲಿ ಬಿಳಿ ಹಾಕಿದೆ. ಇವತ್ತು ಕೆಂಪು ಚಟ್ನಿ ಬಣ್ಣ ಬಳಿದೆ. ಕಣ್ಣು ಉರಿಯಿತು. ಮತ್ತೆ ಇಡ್ಲಿ. ಯಾರೂ ಕೇಳಲಿಲ್ಲ.

ಪುಟದ ಬರಹ ಕಟ್ಟೋಕೆ ಬರೀ ಎಚ್‌ಟಿಎಂಎಲ್, ಬಣ್ಣ-ಅಳತೆಗೆ ಚೂರು ಸಿಎಸ್‌ಎಸ್. 1991ರಲ್ಲಿ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಹಾಕಿದ ಮೊದಲ ವೆಬ್‌ಸೈಟಿನಲ್ಲೂ ಅಕ್ಷರ, ಲಿಂಕು ಬಿಟ್ಟರೆ ಏನೂ ಇರಲಿಲ್ಲ. ಅದರ ಹಳೇ ಪ್ರತಿ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ. ನಾವಿಬ್ಬರೂ ಸೇರಿ ಮೂರು ವರ್ಷದ ಹಿಂದೆ ಮಾಡಿದ ಪ್ರಾಜೆಕ್ಟು ಈಗ ಬಿಲ್ಡ್ ಕೂಡ ಆಗಲ್ಲ, ಓಡೋದಂತೂ ದೂರ, ಅಲ್ವಾ?

ಫಜೀತಿ ಆಗಿದ್ದು ಕ್ಯಾತ್ಸಂದ್ರ ಸ್ಟೇಷನ್ನಿನ ಹೆಸರಿನಲ್ಲಿ. ಕಂಪ್ಯೂಟರಿನಲ್ಲಿ ಎಲ್ಲಾ ಬರೆದು ಮುಗಿಸಿ ಫೋನಿನಲ್ಲಿ ನೋಡುತ್ತೇನೆ, ತಲೆಬರಹದಲ್ಲಿ "ಕಾತಂದ" ಅಂತಿದೆ! ಮೂರು ಒತ್ತಿಗೆ ಮೂರೂ ಮಾಯ. ಅಮ್ಮ ಬಗ್ಗಿ ನೋಡಿ, "ಕಾತಂದ ಎಲ್ಲಿ ಬರುತ್ತೋ, ಪಾವಗಡದ ಕಡೆನಾ?" ಅಂದರು. ಫಾಂಟಿನ ತಪ್ಪು ಅಂದುಕೊಂಡು ನೋಟೋ ಅನ್ನೋ ಬೇರೆ ಫಾಂಟ್ ಹಾಕಿದೆ. ಅದೇ ಕಾತಂದ. ಬ್ರೌಸರನ್ನು ಬೈದೆ. ರಾತ್ರಿ ಒಂದೂವರೆಗೆ ಗೊತ್ತಾಯಿತು, ತಪ್ಪು ನನ್ನದೇ. ಆಫೀಸಿನ ಅಭ್ಯಾಸದಲ್ಲಿ, ತಲೆಬರಹದ ಡಬ್ಬಿಗೆ ಇಂಗ್ಲಿಷ್ ಅಕ್ಷರದ ಅಳತೆಯಲ್ಲೇ ಎತ್ತರ ಕೊಟ್ಟು, ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಡಬ್ಬಿ ಮೀರಿದ್ದನ್ನು ತೋರಿಸಬೇಡ, ಅಂತ ಬರೆದಿದ್ದೆ. ನಮ್ಮ ಒತ್ತಕ್ಷರ ಕೆಳಗಡೆ ಇನ್ನೊಂದು ಮಹಡಿ ಕೇಳುತ್ತದೆ. ಜಾಗ ಕೊಡದೆ ಕತ್ತರಿಸಿ ಹಾಕಿದ್ದೆ. ಎತ್ತರ ತೆಗೆದು ಲೈನ್ ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಅಳತೆಯ 1.7 ಪಟ್ಟು ಮಾಡಿದೆ ನೋಡು, ಮೂರೂ ಇಳಿದು ಬಂದು ಕೂತವು. ಇಷ್ಟು ವರ್ಷದಲ್ಲಿ ಯಾವ ರಿಲೀಸ್ ಆದಾಗಲೂ ನಾನು ಹಾಗೆ ಕೂಗಿಲ್ಲ. ಅಮ್ಮ ಎದ್ದು ಬಂದು ಲೈಟ್ ಆರಿಸಿ ಹೋದರು.

ಆಮೇಲೆ ನಿದ್ದೆ ಬರದೆ ಲೆಕ್ಕ ಹಾಕಿದೆ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪಟ್ಟಿಯ ಪ್ರಕಾರ, ಕ್ಯಾತ್ಸಂದ್ರ ಅನ್ನುವ ಒಂದು ಹೆಸರಿನೊಳಗೆ 11 ಸಂಕೇತಗಳಿವೆ. ಅವನ್ನು ಉಳಿಸಿಡುವ ಯುಟಿಎಫ್-8 ಅನ್ನೋ ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್ ಜಾಗ, ಒಟ್ಟು 33. ಇಂಗ್ಲಿಷಿಗಿಂತ ಜಾಸ್ತಿಯೇ. ಆದರೂ ನನ್ನ ಇಡೀ ಪುಟದ ಬರಹ ನೀನು ದಿನಾ ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟೂ ಭಾರ ಇಲ್ಲ.

ವೆಬ್‌ಪುಟ ಇಡೋಕೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಹಾಕುತ್ತೇನೆ. ಹಿರೇಹಳ್ಳಿ, ದಾಬಸ್‌ಪೇಟೆ ಆಗಿವೆ. ನಿಡವಂದದ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಓಡುವ ರೈಲು ಹತ್ತಲು ಹೋಗಿ ಒಂದು ಚಪ್ಪಲಿ ಅಲ್ಲೇ ಬಿಟ್ಟು, ಇನ್ನೊಂದರಲ್ಲೇ ಆಫೀಸಿಗೆ ಹೋದವನು ನೀನು. ನೀನೇ ಬರೆದು ಕಳಿಸು. ಮೂರು ಸಾಲು ಮೀರಬೇಡ. ಒತ್ತಕ್ಷರ ಎಷ್ಟಾದರೂ ಇರಲಿ.

ನಿನ್ನ,
ಕಿಟಕಿ ಸೀಟಿನವನು